ಅಜ್ಜಿಗೆ ಬಂದರೆ ಊರಿಗೇ ಬರುತ್ತೆ

ಮನೆಯಿಂದ,
ಗುರುವಾರ, ಮಧ್ಯಾಹ್ನ ಊಟವಾದ ಮೇಲೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ನನ್ನ ಬಂಗಾರ? ಹಡಗು ಹತ್ತಿದ ಮೊದಲ ವಾರ ತಿಂದದ್ದೆಲ್ಲ ವಾಂತಿಯಾಗುತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ಊಟ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಸಮುದ್ರದ ತಳ ಎಲ್ಲಿಗೂ ಓಡಿಹೋಗುವುದಿಲ್ಲ, ನಿಧಾನವಾಗಿ ಅಳೆ, ಮೊದಲು ನಿದ್ದೆ ಮಾಡು. ನನ್ನ ಮಂಡಿ ನೋವು ಹಾಗೇ ಇದೆ. ಪಾಪ, ಅದಕ್ಕೂ ನನ್ನನ್ನು ಬಿಟ್ಟರೆ ಗತಿಯಿಲ್ಲ. ನಿನ್ನ ಅಪ್ಪ ಅಮ್ಮ ಚೆನ್ನಾಗಿದ್ದಾರೆ. ಒಬ್ಬರಿಗೆ ಗೊತ್ತಿಲ್ಲದೆ ಒಬ್ಬರು ಹೂಕುಂಡಗಳಿಗೆ ನೀರು ಸುರಿದು ಗಿಡಗಳನ್ನೆಲ್ಲ ಕೊಳೆಸುತ್ತಿದ್ದಾರೆ. ಅಲ್ಲಿ ಫೋನು ಸಿಗುವುದಿಲ್ಲ, ಬಂದರಿಗೆ ಬಂದಾಗ ಕಾಗದ ಸಿಗುತ್ತದೆ ಎಂದಿದ್ದೆ, ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ.

ಈಗ ನಿನ್ನ ಬಳಗದ ಸುದ್ದಿ. ನೀನು ಕಟ್ಟಿದ ಮುಕ್ತ ತಂತ್ರಾಂಶ ಬಳಗ ನೀನು ಹೋದ ಮೇಲೂ ಪ್ರತಿ ಭಾನುವಾರ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸೇರುತ್ತಿದೆ. ಸೇರುವವರು ಮಾತ್ರ ಅವರವರೇ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ಬಿಚ್ಚಿ ನೋಡಿ ಸರಿಮಾಡಿಕೊಳ್ಳಬಹುದಾದ ತಂತ್ರಾಂಶ ಊರಿಗೆಲ್ಲ ಬೇಕು ಎಂದು, ಬೇಡ ಅನ್ನುವವರು ಒಬ್ಬರೂ ಇಲ್ಲದ ಕೋಣೆಯಲ್ಲಿ ಗಂಟಲು ಹರಿಯುವಂತೆ ಭಾಷಣ. ಹೊಸಬರು ಯಾರಾದರೂ ಅಪ್ಪಿತಪ್ಪಿ ಒಳಗೆ ಬಂದು ‘ಒಂದು ಅರ್ಜಿ ಟೈಪ್ ಮಾಡೋದು ಹೇಳಿಕೊಡ್ತೀರಾ’ ಎಂದರೆ, ಅದಕ್ಕೆ ಯಾವ ತಂತ್ರಾಂಶ ಶ್ರೇಷ್ಠ ಎಂದು ಇವರಲ್ಲೇ ಜಗಳ ಹತ್ತಿಕೊಳ್ಳುತ್ತದೆ. ಬಂದವರು ಮೆಲ್ಲಗೆ ಮೆಟ್ಟಿಲಿಳಿದು ಹೋಗುತ್ತಾರೆ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಗ್ರಂಥಾಲಯದವರು, ಹೀಗೇ ಆದರೆ ಕೋಣೆಯನ್ನು ಹೊಲಿಗೆ ತರಗತಿಗೆ ಕೊಡುತ್ತೇವೆ ಎಂದುಬಿಟ್ಟರು.

ಆಗ ಬಳಗದ ಗಡ್ಡದ ಮೇಷ್ಟ್ರಿಗೆ ಹೊಳೆದದ್ದು ನಾನು! ‘ಅಜ್ಜಿಗೆ ಬಂದರೆ ಊರಿಗೇ ಬರುತ್ತೆ’ ಎಂದು ಪೋಸ್ಟರ್ ಮಾಡಿಸಿ, ಅದರಲ್ಲಿ ನನ್ನ ಮುಖವನ್ನು ಹಾಗಲಕಾಯಿಯಷ್ಟು ಉದ್ದಕ್ಕೆ ಎಳೆದು ಹಾಕಿದ್ದಾರೆ. ಬರುವ ಭಾನುವಾರ ಗ್ರಂಥಾಲಯದ ದೊಡ್ಡ ಹಾಲಿಗೆ ಜನ ತಮ್ಮ ಹಳೆಯ ಲ್ಯಾಪ್‌ಟಾಪ್ ತರಬೇಕು, ಬಳಗದವರು ಅದರಲ್ಲಿದ್ದ ತಂತ್ರಾಂಶ ತೆಗೆದು ಈ ಮುಕ್ತ ತಂತ್ರಾಂಶ ಹಾಕಿಕೊಡಬೇಕು, ನಾನು ವೇದಿಕೆ ಹತ್ತಿ ‘ನನಗೇ ಬಂತು, ನಿಮಗೆ ಬರಲ್ವಾ?’ ಎನ್ನಬೇಕು. ನಿನ್ನ ಬಳಗ ಉಳಿಯಲಿ ಎಂದು ಒಪ್ಪಿಕೊಂಡೆ. ಆದರೆ ಅಜ್ಜಿಗೆ ಬರಬೇಕಾದ್ದು ಯಾವುದು ಎಂಬುದರಲ್ಲೇ ಅವರಿಗೆ ಒಮ್ಮತವಿಲ್ಲವಲ್ಲ! ಮೊದಲು ಮೇಷ್ಟ್ರು ಮನೆಗೆ ಬಂದು ನನ್ನ ಲ್ಯಾಪ್‌ಟಾಪಿಗೆ ತಮ್ಮ ಮೆಚ್ಚಿನದನ್ನು ಹಾಕಿದರು. ಮುಂದಿನ ವಾರ ವಿದ್ಯುತ್ ಕಚೇರಿಯ ಮೀಟರ್ ಮೇಡಂ ಬಂದು, ಈ ಹಳೇ ಮಿಷನ್ನಿಗೆ ಅದು ಭಾರವಾಯಿತು ಎಂದು ಅಳಿಸಿ ತಮ್ಮದನ್ನು ಹಾಕಿದರು. ಕಳೆದ ವಾರ ದಂತವೈದ್ಯರ ಸರದಿ. ‘ಒಂಚೂರೂ ನೋವಾಗಲ್ಲ ಅಜ್ಜಿ’ ಎಂದರು, ಅಭ್ಯಾಸಬಲ. ಮೊದಲಿನ ಇಬ್ಬರು ನನ್ನ ಕಡತಗಳ ನಕಲು ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ತುಂಬಿಸಿದ್ದರು. ನಕಲು ಮೇಡಂ ಹತ್ತಿರ ಇದ್ದೇ ಇರುತ್ತದೆ ಎಂದು ಡಾಕ್ಟ್ರು ತಾವು ತೆಗೆಯದೆಯೇ ಎಲ್ಲ ಅಳಿಸಿಬಿಟ್ಟರು. ವಾಪಸ್ ತುಂಬಿಸಿದೆನಲ್ಲ ಎಂದು ಮೇಷ್ಟ್ರ ಹಾಗೆಯೇ ಮೇಡಂ ಕೂಡ ತಮ್ಮ ನಕಲನ್ನು ನನ್ನೆದುರೇ ಅಳಿಸಿ ಹೋಗಿದ್ದರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು, ನೀನೇ ಹೇಳು.

ಗುಬ್ಬೀ, ಅಜ್ಜನ ಧ್ವನಿ ಹೋಯಿತು. ಅವರು ಹೋಗುವುದಕ್ಕೆ ಮುಂಚಿನ ವರ್ಷ, ನಲ್ಲಿ ವಾಷರ್ ಬದಲಿಸುವುದು ಹೇಗೆ ಎಂದು ನೀನು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ ನನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆಯಲ್ಲ, ಅದು. ಇರುವುದೆಲ್ಲ ಬೈಗುಳವೇ. ‘ಎಡಕ್ಕೆ, ಎಡಕ್ಕೆ ಅಂದೆ, ಬಲ ಎಡ ಗೊತ್ತಾಗಲ್ವಾ?’ ಎಂದು ನಿನಗೆ. ನಡುವೆ ‘ಏನೇ, ಸ್ಪ್ಯಾನರ್ ಎಲ್ಲಿಟ್ಟೆ?’ ಎಂದು ನನಗೆ. ‘ನಿಮ್ಮ ಕೈಯಲ್ಲೇ ಇದೆ’ ಎಂದು ಒಳಗಿನಿಂದ ನಾನು. ನಮ್ಮ ಸಂಸಾರ ಪೂರ್ತಿ ಅಷ್ಟರಲ್ಲೇ ಬಂದುಬಿಟ್ಟಿತ್ತು. ಪಾತ್ರೆ ತೊಳೆದು ಬಂದು ದಿನಾ ಮಧ್ಯಾಹ್ನ ಅದನ್ನು ಕೇಳಿದರೆ ಮಾತ್ರ ನನಗೆ ಜೋಂಪು ಹತ್ತುತ್ತಿತ್ತು. ಈಗ ಹೊಸ ಪರದೆ ಥಳಥಳ ಹೊಳೆಯುತ್ತದೆ, ಒಳಗೆ ಏನೂ ಇಲ್ಲ. ನನಗೆ ಅಳು ಬರುತ್ತದೆ ಕಣೇ.

ಬಳಗದವರಿಗೆ ಹೇಳಿಲ್ಲ. ‘ಅಳಿಸಿದ್ದು ಮತ್ತೆ ಸಿಗುತ್ತೇನಮ್ಮಾ?’ ಎಂದು ಮೀಟರ್ ಮೇಡಮ್ಮನ್ನು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. ‘ಅದರ ಮೇಲೆ ಹೊಸದು ಬರೆದಿದ್ರೆ ಕಷ್ಟ ಅಜ್ಜಿ. ಯಾಕೆ, ಏನಾದ್ರೂ ಹೋಯ್ತಾ?’ ಎಂದರು. ‘ಇಲ್ಲಮ್ಮಾ, ನನ್ನದೇನಿದೆ ಹೋಗೋಕೆ’ ಎಂದೆ. ಹೇಳಿ ಏನು ಮಾಡಲಿ? ಡಾಕ್ಟ್ರು ತಮ್ಮ ಕ್ಲಿನಿಕ್ಕಿನ ಬಾಗಿಲಿಗೇ ನನ್ನ ಪೋಸ್ಟರ್ ಅಂಟಿಸಿಕೊಂಡು ಸಂಭ್ರಮದಲ್ಲಿದ್ದಾರೆ. ಈಗ ತಿಳಿದರೆ ಭಾನುವಾರ ಒಬ್ಬರೂ ಕೈ ಹಾಕುವುದಿಲ್ಲ, ಕೋಣೆ ಹೋಗುತ್ತದೆ, ನೀನು ಬಂದಾಗ ಅಲ್ಲಿ ಹೊಲಿಗೆ ಯಂತ್ರಗಳಿರುತ್ತವೆ. ಹೇಳದಿದ್ದರೆ, ಪಕ್ಕದ ಮನೆಯ ನರ್ಸಮ್ಮ ನನ್ನ ಮುಖ ನೋಡಿಕೊಂಡು ಮಗುವಿನ ಫೋಟೋಗಳಿರುವ ಲ್ಯಾಪ್‌ಟಾಪ್ ತರುತ್ತಿದ್ದಾಳೆ. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಎಲ್ಲರದ್ದೂ ಮೊದಲು ನಕಲು ತೆಗೆಯಿರಿ ಎಂದು ಮೇಷ್ಟ್ರಿಗೆ ಹೇಳಿನೋಡಿದೆ. ‘ಅದನ್ನ ಹೇಳಬೇಕಾ ಅಜ್ಜಿ? ಅದೇ ನಮ್ಮ ಮೊದಲನೇ ಪಾಠ!’ ಎಂದು ಗಡ್ಡ ಕುಣಿಸಿ ನಕ್ಕರು. ನರ್ಸಮ್ಮನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಇನ್ನೇನು ಮಾಡಲು ತೋಚುತ್ತಿಲ್ಲ.

ಸಮುದ್ರ ನಿನ್ನನ್ನು ಕೆಣಕದೆ ಇರಲಿ. ಹೊಟ್ಟೆ ತುಂಬ ಉಣ್ಣು, ಮೈ ಬೆಚ್ಚಗಿಟ್ಟುಕೋ. ನಿನ್ನ ಹಡಗಿನವರಿಗೆಲ್ಲ ಈ ಮುದುಕಿಯ ಆಶೀರ್ವಾದ.

ನಿನ್ನ,
ಅಜ್ಜಿ

ವಿ.ಸೂ.: ನಿನ್ನ ಅಪ್ಪ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಜ್ಜನ ಧ್ವನಿಯ ನಕಲು ನಿನ್ನ ಹತ್ತಿರ ಇನ್ನೊಂದು ಇದೆಯೇ? ಇದ್ದರೆ ಹೇಗಾದರೂ ಕಳಿಸು. ಇಲ್ಲದಿದ್ದರೆ ಇಲ್ಲ ಎಂದು ಮಾತ್ರ ಬರೆಯಬೇಡ ಮಗಳೇ. ಬರೀ ಸಮುದ್ರದ ಸುದ್ದಿ ಬರೆ, ನನಗೆ ತಿಳಿಯುತ್ತದೆ.