ಮೂರು ಲಾಂಛನದ ಗಾಡಿ

ಮಾರ್ಚ್ 4, ಸೋಮವಾರ

ಮತ್ತೆ ಕೆಲಸಕ್ಕೆ ಹೋದೆ. ನೆಲ ಒರೆಸಿದೆ. ಲೋಟ ತೊಳೆದೆ. ಹನ್ನೊಂದಕ್ಕೆ ಚಹಾ ಕೊಟ್ಟೆ. ಆಫೀಸಿನವರೆಲ್ಲ ನನ್ನನ್ನು ಕಂಡ ಕೂಡಲೇ ಕಂಪ್ಯೂಟರ್ ಕಡೆ ತಿರುಗಿದರು. ತಂಗಿ ಸತ್ತವಳ ಹತ್ತಿರ ಏನು ಮಾತಾಡುವುದೋ ಅವರಿಗೆ ತಿಳಿಯದು. ನನಗೂ ತಿಳಿಯದು.

ಅಂಗಳದಲ್ಲಿ ನಮ್ಮ ಸಂಸ್ಥೆಯ ಹೆರಿಗೆ ಕೇಂದ್ರದ ಆಂಬ್ಯುಲೆನ್ಸ್. ಪೇಂಟ್ ಅಂಗಡಿಯಿಂದ ವಾಪಸ್ ಬಂದಿದೆ. ಮದುಮಗನ ಹಾಗೆ ಹೊಳೆಯುತ್ತಿದೆ. ಬಾಗಿಲ ಮೇಲೆ ಮೂರು ಲಾಂಛನ — ನೆರವು ಕೊಟ್ಟ ಹೊರದೇಶದ ಸರ್ಕಾರದ್ದು, ನಮ್ಮ ಸರ್ಕಾರದ್ದು, ನಮ್ಮ ಸಂಸ್ಥೆಯದ್ದು. ಈಗ ಮೂರೂ ಒಂದೇ ಅಳತೆ. ಮೊದಲು ಸಂಸ್ಥೆಯದ್ದು ಉಳಿದೆರಡಕ್ಕಿಂತ ಒಂದು ಹೆಬ್ಬೆರಳಿನಗಲ ದೊಡ್ಡದಿತ್ತಂತೆ. ಪಾಲುದಾರಿಕೆ ಅಂದಮೇಲೆ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ ಎಂದು ಆರೋಗ್ಯ ಇಲಾಖೆಯ ಅಧಿಕಾರಿ ಮೀಟಿಂಗ್‌ನಲ್ಲಿ ಮೇಜು ಕುಟ್ಟಿದ್ದ. ಹೊರದೇಶದವರು ಬರುವುದರೊಳಗೆ ಸರಿಯಾಗಬೇಕು ಅಂದ. ಗಾಡಿ ಹೋಯಿತು. ನೀಲಿ ಬಣ್ಣ ತಪ್ಪಾಯಿತು ಎಂದು ಕೆರೆದು ಮತ್ತೆ ಬಳಿದರು.

ಅದು ಒಣಗುತ್ತಿದ್ದಾಗ ತಂಗಿಗೆ ಹೆರಿಗೆ ನೋವು ಶುರುವಾಯಿತು. ಕಾದೆವು. ಆಮೇಲೆ ತರಕಾರಿ ಟೆಂಪೋದಲ್ಲಿ ಸಾಗಿಸಿದೆವು...

ಮಗು ಉಳಿಯಿತು.

ಮಾರ್ಚ್ 6

ಮೇಜು ಕುಟ್ಟಿದ ಆ ಇಲಾಖೆಯವನು ಮನೆಗೆ ಬಂದಿದ್ದ. ಹಣ್ಣಿನ ಬುಟ್ಟಿ ತಂದಿದ್ದ. ಅಮ್ಮ ಕುರ್ಚಿ ಒರೆಸಿ ಕೊಟ್ಟಳು. ಮಗುವಿನ ಕೆನ್ನೆ ಮುಟ್ಟಿದ. ಹೊರಡುವಾಗ ತಂಗಿಯ ಗಂಡನ ಹೆಗಲ ಮೇಲೆ ಕೈಯಿಟ್ಟು, ತುಂಬಾ ಮೆತ್ತಗೆ ಹೇಳಿದ:

"ಇನ್ನೊಂದು ಸ್ವಲ್ಪ ಬೇಗ ಫೋನ್ ಮಾಡಿದ್ರೆ ಆಗ್ತಿತ್ತು ಕಣಪ್ಪ."

ನಾನು ಬಾಗಿಲಲ್ಲೇ ನಿಂತಿದ್ದೆ. ಬೇಗ ಫೋನ್ ಮಾಡಿದ್ದ ತಂಗಿಯ ಗಂಡ. ನೋವು ಅಂದ ಕೂಡಲೇ ಮಾಡಿದ್ದ, ನನ್ನೆದುರೇ. ಗಾಡಿ ಹೊರಗಿದೆ, ಬರುತ್ತೆ, ಕಾಯಿರಿ ಅಂದಿದ್ದರು ಸಂಸ್ಥೆಯವರು.

ಹಣ್ಣುಗಳನ್ನು ಪಕ್ಕದ ಮನೆಗೆ ಕೊಟ್ಟೆ. ಬುಟ್ಟಿಯನ್ನೂ.

ಮಾರ್ಚ್ 9, ಸಂಜೆ

ತಂಗಿಯ ಗಂಡ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಾನೆ. ಅತ್ತರೆ ಹೊರಗೆ ಹೋಗುತ್ತಾನೆ. ಇವತ್ತು ಹಿಡಿದು ಕೂರಿಸಿ ಎಲ್ಲ ಹೇಳಿದೆ — ಲಾಂಛನ, ನೀಲಿ ಬಣ್ಣ, ಎಲ್ಲ. ಕೇಳಿಸಿಕೊಂಡ. ಕೊನೆಗೆ,

"ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ ಅಕ್ಕ. ಅಷ್ಟು ಸಣ್ಣ ವಿಷಯಕ್ಕೆ ಯಾರಾದ್ರೂ ಗಾಡಿ ನಿಲ್ಲಿಸ್ತಾರಾ?"

ಅದೇ ತೊಂದರೆ. ನಿಜ ಹೇಳಿದರೆ ಕಟ್ಟುಕತೆ ಅನ್ನಿಸುತ್ತದೆ. ಸುಳ್ಳು ಹಣ್ಣಿನ ಬುಟ್ಟಿ ಹಿಡಿದು ಬಂದರೆ ಕುರ್ಚಿ ಹಾಕುತ್ತೇವೆ.

ಮಾರ್ಚ್ 11

ಮೇಡಂ ಹತ್ತಿರ ಹೋದೆ. ಸಂಸ್ಥೆ ಕಟ್ಟಿದವರು ಅವರೇ. ಕೆಟ್ಟವರಲ್ಲ. ತಂಗಿ ಹೋದ ದಿನ ನನ್ನ ತಲೆ ಹಿಡಿದು ಅತ್ತಿದ್ದರು. ಒಂದೇ ಕೇಳಿದೆ — ಮನೆಗೆ ಬಂದು ತಂಗಿಯ ಗಂಡನಿಗೆ ಹೇಳಿ, ಗಾಡಿ ಪೇಂಟ್‌ಗೆ ಹೋಗಿತ್ತು, ನಿನ್ನ ತಪ್ಪಿಲ್ಲ ಅಂತ. ಅಷ್ಟು ಸಾಕು.

ಕಿಟಕಿ ಕಡೆ ನೋಡಿದರು. 'ಮನೆಯವರು ತಡವಾಗಿ ಕರೆದರು' ಎಂದೇ ಎರಡು ಸರ್ಕಾರಗಳಿಗೂ ವರದಿ ಹೋಗಿದೆಯಂತೆ. ಈಗ ಮಾತು ಬದಲಿಸಿದರೆ ಇಲಾಖೆ ಕೈ ಬಿಡುತ್ತದೆ, ಹೊರದೇಶದವರು ಒಪ್ಪಂದ ಮುಂದುವರಿಸುವುದಿಲ್ಲ, ಹೆರಿಗೆ ಕೇಂದ್ರಕ್ಕೆ ಬೀಗ.

"ನಿನ್ನ ತಂಗಿ ಹೋದ್ಲು. ಉಳಿದೋರಿಗಾದ್ರೂ ಗಾಡಿ ಬೇಡ್ವಾ, ಹೇಳು?"

ಬೇಕು. ಬೇಡ ಅನ್ನಲು ಆಗುವುದಿಲ್ಲ ಎಂದು ಗೊತ್ತಿದ್ದೇ ಕೇಳಿದರು. ಖಾಲಿ ಲೋಟ ಎತ್ತಿಕೊಂಡು ಬಂದೆ.

ಹೊಗಳಿಕೆಗೆ ಮೂವರು ಪಾಲುದಾರರು. ತಪ್ಪಿನ ಪಾಲು ಪೂರ್ತಿ ನಮ್ಮ ಮನೆಗೆ.

ಮಾರ್ಚ್ 19

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಸಮಾರಂಭ. ಹೊಸ ಬಣ್ಣದ ಹಳೇ ಗಾಡಿಯ ಉದ್ಘಾಟನೆ. ಮುಂದೆ ಅಡ್ಡಲಾಗಿ ಎರಡು ಕಂಬ ನೆಟ್ಟು ಅಗಲವಾದ ಕೆಂಪು ಟೇಪು ಕಟ್ಟಿದ್ದರು. ಹೊರದೇಶದ ಅತಿಥಿ, ನರೆಗೂದಲಿನ ಹೆಂಗಸು, ದಾರಿಯಲ್ಲಿದ್ದರು. ಕತ್ತರಿ ಇಟ್ಟ ತಟ್ಟೆ ಹಿಡಿದು ನಿಲ್ಲುವ ಕೆಲಸ ನನ್ನದು. ತಟ್ಟೆ ಹಿಡಿಯುವುದು ನನಗೆ ಚೆನ್ನಾಗಿ ಬರುತ್ತದೆ.

ಆಗ ಡ್ರೈವರ್‌ಗೆ ಫೋನ್ ಬಂತು. ಅವನನ್ನು ಎಲ್ಲರೂ ಮೌನಿ ಅನ್ನುತ್ತಾರೆ, ಯಾಕೆಂದರೆ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಇವತ್ತು ಎರಡೇ ಮಾತು ಆಡಿದ. ಕಲ್ಲು ಕ್ವಾರಿಯ ಹತ್ತಿರ ಒಬ್ಬಳಿಗೆ ಹೆರಿಗೆ ನೋವು, ರಕ್ತ ಹೋಗುತ್ತಿದೆ ಅಂದ.

ಮೇಡಂ ಇಲಾಖೆಯವನ ಮುಖ ನೋಡಿದರು. ಅವನು ಗಡಿಯಾರ ನೋಡಿದ. ಅತಿಥಿಯ ಕಾರು ತಿರುವಿನಲ್ಲೇ ಇದೆ, ಟೇಪು ಕತ್ತರಿಸಿ ಒಂದು ಫೋಟೋ ಆದ ಕೂಡಲೇ ಹೋಗಲಿ ಅಂದ. ಮೇಡಂ ಸೆರಗು ಸರಿಮಾಡಿಕೊಂಡರು. ಮೌನಿ ಸ್ಟಿಯರಿಂಗ್ ಹಿಡಿದು ಕೂತಿದ್ದ. ಎಲ್ಲರೂ ತಿರುವಿನ ಕಡೆ ನೋಡುತ್ತಿದ್ದರು.

ಕತ್ತರಿ ನನ್ನ ಕೈಯಲ್ಲೇ ಇತ್ತು.

ಒಳ್ಳೆಯ ಕತ್ತರಿ. ಒಂದೇ ಏಟಿಗೆ ಟೇಪು ಕತ್ತರಿಸಿತು. "ಹೋಗೋ" ಅಂದೆ. ಆ ಅಂಗಳದಲ್ಲಿ ನಾನು ಜೋರಾಗಿ ಮಾತಾಡಿದ್ದು ಅದೇ ಮೊದಲು. ಮೌನಿ ಹೋದ. ಎದುರಿಗೆ ಬಂದ ಅತಿಥಿಯ ಕಾರು ಪಕ್ಕಕ್ಕೆ ಸರಿದು ಜಾಗ ಬಿಡಬೇಕಾಯಿತು.

ಇಲಾಖೆಯವನು ಹಲ್ಲು ಕಚ್ಚಿಕೊಂಡೇ, "ನಿಂಗೆ ಯಾರು ಹೇಳಿದ್ರು?" ಅಂದ.

ತಟ್ಟೆಯನ್ನು ಅವನ ಕೈಗೆ ಕೊಟ್ಟೆ.

ಕ್ವಾರಿಯ ಹೆಂಗಸು ಉಳಿದಳು. ಮಗುವೂ. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ. ಖುಷಿಗಲ್ಲ. ಹೀಗೇ ಆಗುತ್ತಿತ್ತು. ಇಷ್ಟೇ ಬೇಕಿತ್ತು ತಂಗಿಗೂ. ಒಂದು ಗಾಡಿ, ಒಂದು ದಾರಿ.

ಮಾರ್ಚ್ 21

ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ್ದಾರೆ.

ಪತ್ರಿಕೆಯಲ್ಲಿ ಬಂದಿದೆ. ಸಮಾರಂಭವನ್ನೇ ಬದಿಗಿಟ್ಟು ತಾಯಿಯ ಜೀವ ಉಳಿಸಿದ ಪಾಲುದಾರರು ಎಂದು. ತುಂಡಾದ ಟೇಪಿನ ಪಕ್ಕದಲ್ಲಿ ಇಲಾಖೆಯವನು ನಗುತ್ತಿದ್ದಾನೆ. ನಾನು ಕೊಟ್ಟ ತಟ್ಟೆ ಇನ್ನೂ ಅವನ ಕೈಯಲ್ಲೇ ಇದೆ.

ಅತಿಥಿಗೆ ಕಣ್ಣು ತುಂಬಿ ಬಂತಂತೆ. ಒಪ್ಪಂದಕ್ಕೆ ಸಹಿ ಹಾಕುವ ದಿನ ಟೇಪು ಕತ್ತರಿಸಿದವಳೇ ಮಾತಾಡಲಿ ಎಂದು ನನ್ನನ್ನು ಕೇಳಿದ್ದಾರೆ. ನಾನು ಆಡಬೇಕಾದ ಮಾತುಗಳನ್ನು ಮೇಡಂ ಟೈಪ್ ಮಾಡಿಸಿ ಕೊಟ್ಟರು. ಓದಿದೆ. ನನ್ನ ತಂಗಿಯೂ ಇದ್ದಾಳೆ ಅದರಲ್ಲಿ — 'ಅರಿವಿನ ಕೊರತೆಯಿಂದ ತಡವಾಗಿ ಕರೆದು ತಂಗಿಯನ್ನು ಕಳೆದುಕೊಂಡ ನಾನು...'

ನನ್ನ ಬಾಯಿಂದಲೇ.

ಮಾರ್ಚ್ 28, ಬೆಳಿಗ್ಗೆ

ಇವತ್ತು ಸಹಿ. ವಾರವಿಡೀ ನಿದ್ದೆ ಬಂದಿಲ್ಲ. ಕೇಂದ್ರಕ್ಕೆ ಬೀಗ ಬಿದ್ದರೆ ನಾಳೆ ಇನ್ಯಾರದೋ ತಂಗಿ. ಆ ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟಿತು. ಕೊನೆಗೆ ಒಂದು ಮಾತು ಹೊಳೆಯಿತು — ಆ ಬೀಗ ನನ್ನ ಕೈಯಲ್ಲಿಲ್ಲ. ನಿಜ ಕೇಳಿದ ಮೇಲೆ ಹಾಕುವವರು ಹಾಕಲಿ, ತಮ್ಮ ಹೆಸರು ಹೇಳಿ ಹಾಕಲಿ.

ತಂಗಿಯ ಗಂಡನಿಗೆ ಬಾ ಅಂದಿದ್ದೇನೆ. ಯಾಕೆ ಎಂದು ಕೇಳಲಿಲ್ಲ. ಮಗುವನ್ನು ನೀನೇ ಎತ್ತಿಕೊಂಡು ಬಾ, ಮುಂದಿನ ಸಾಲಿನಲ್ಲಿ ಕೂರು ಅಂದೆ. ನನ್ನ ಮಾತು ನಂಬದಿದ್ದರೆ ಬೇಡ. ನಾನು ಹೇಳುವಾಗ ಅವರ ಮುಖಗಳನ್ನು ನೋಡಲಿ.

ಟೈಪ್ ಮಾಡಿದ ಹಾಳೆ ಒಲೆಗೆ ಹಾಕಿದೆ. ಎರಡು ನಿಮಿಷ ಕೊಟ್ಟಿದ್ದಾರೆ, ನನಗೆ ಅಷ್ಟೂ ಬೇಡ. ಜನರೆದುರು ನಿಂತರೆ ಮರೆತುಹೋಗುತ್ತದೆ, ಅದಕ್ಕೇ ಒಮ್ಮೆ ಬರೆದು ನೋಡುತ್ತೇನೆ.

ಎಲ್ಲರಿಗೂ ನಮಸ್ಕಾರ. ನಾವು ಬೇಗ ಕರೆದೆವು. ಅವತ್ತು ಈ ಗಾಡಿ ಲಾಂಛನದ ಅಳತೆ ಸರಿಮಾಡಿಸಲು ಪೇಂಟ್ ಅಂಗಡಿಯಲ್ಲಿ ನಿಂತಿತ್ತು.