ತಪ್ಪು ನನ್ನ ಕಾಲಿನದಲ್ಲ

ಮಾವನವರಿಗೆ,

ಮೊದಲು ನಮಸ್ಕಾರ, ಆಮೇಲೆ ಜಗಳ. ನೀವಿದ್ದಾಗ ನಾನು ಕೊಂಚ ದನಿ ಎತ್ತಿದರೂ ಅತ್ತೆ ಕಣ್ಣು ಬಿಡುತ್ತಿದ್ದರು. ಕಾಗದದ ಮೇಲೆ ಯಾರು ತಡೆಯುತ್ತಾರೆ? ತಪ್ಪು ನನ್ನ ಕಾಲಿನದಲ್ಲ, ಮಾವ. ಅವತ್ತೂ ಅದನ್ನೇ ಹೇಳಿದ್ದೆ, ನೀವು ಕೇಳಲಿಲ್ಲ. ಈಗ ಎದ್ದು ಹೋಗುವಂತಿಲ್ಲ, ಕೇಳಲೇಬೇಕು.

ನಯಾಪೈಸೆ ಬಂದ ವರ್ಷ ಬೆಂಗಳೂರಿನ ಯಾರೋ ಸಾಹೇಬರ ಹಳೆಯ ಕಾರು ಕೊಂಡು ಮಂಡಿಕಲ್ಲಿಗೆ ತಂದಿರಲ್ಲ, ನೆನಪಿದೆಯೆ? ರೇಷ್ಮೆ ಗೂಡನ್ನು ಶಿಡ್ಲಘಟ್ಟಕ್ಕೆ ಸಾಗಿಸಲು ಎತ್ತಿನ ಗಾಡಿ ಸಾಲದು ಎಂಬುದು ನೆಪ, ಕಾರಿನ ಮೇಲೆ ಆಸೆ ಎಂಬುದು ನಿಜ. ಮಂಡಿನೋವು ಬಂದು ನಿಮಗೆ ಕ್ಲಚ್ ತುಳಿಯಲು ಆಗದೆ ಹೋಯಿತು. ನಿಮ್ಮ ದೊಡ್ಡ ಮಗ, ಅಂದರೆ ನನ್ನ ಯಜಮಾನರು, ಗೌರಿಬಿದನೂರಿನಲ್ಲಿ ಮೇಷ್ಟ್ರು. ಊರಿಗೆ ಬರುವುದೇ ಶನಿವಾರ. ಚಿಕ್ಕ ಮಗನಿಗೆ ಕಾರೆಂದರೆ ದಿಗಿಲು. ಒಣಗಿದ ಕೆರೆಯಂಗಳಕ್ಕೆ ನನ್ನನ್ನು ಕರೆದೊಯ್ದು, "ಅಪ್ಪನ ಮನೇಲಿ ಗಾಡಿ ಹೊಡ್ದಿದ್ದೀಯಂತೆ, ಇದೇನು ಮಹಾ? ಕೂತ್ಕೊಳಮ್ಮ" ಅಂದವರು ನೀವೇ. ಏರಿಯ ಮೇಲೆ ನಿಂತು ನಕ್ಕವರಿಗೆ, "ಕಾರು ಓಡ್ಸೋದು ಕೈಕಾಲಿಂದ ಕಣ್ರೋ, ಮೀಸೆಯಿಂದಲ್ಲ" ಅಂದವರೂ ನೀವೇ. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡಿದ್ದೆ.

ಶಿಡ್ಲಘಟ್ಟದ ದಾರಿಯ ಆ ಇಳಿಜಾರು ಈಗಲೂ ಕನಸಿಗೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಗೂಡಿನ ಮೂಟೆ, ಪಕ್ಕದಲ್ಲಿ ನೀವು. ಎದುರಿಗೆ ಕುರಿಮಂದೆ ಬಂತೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕಾಲು ಮೇಲೆ ಬಂತು, ಪೆಡಲು ಬರಲಿಲ್ಲ. ಎಂಜಿನ್ನು ಅದೇ ಜೋರಿನಲ್ಲಿ ಕಿರುಚುತ್ತಲೇ ಇತ್ತು. ಬ್ರೇಕ್ ತುಳಿದೆ, ಕೀ ತಿರುಗಿಸಿ ಎಂಜಿನ್ ಆರಿಸಿದೆ, ಕಾರನ್ನು ಪಕ್ಕದ ರಾಗಿ ಹೊಲಕ್ಕೆ ಇಳಿಸಿದೆ. ಒಂದು ಕುರಿಯ ಕೂದಲೂ ಕೊಂಕಲಿಲ್ಲ. ಓಡಿ ಬಂದ ಜನಕ್ಕೆ ನೀವು ಏನು ಹೇಳಿದಿರಿ? "ಹೆಂಗ್ಸಲ್ವಾ, ಹೆದರ್ಕೊಂಡು ಒತ್ಬಿಟ್ಳು." ಪೆಡಲು ಸಿಕ್ಕಿಹಾಕಿಕೊಂಡಿತು ಎಂದು ನಾನು ಹೇಳಿದರೆ, "ನಾನು ಓಡಿಸೋವಾಗ ಒಂದಿನಾನೂ ಸಿಕ್ಕಿಹಾಕ್ಕೊಳ್ಳಿಲ್ಲ. ನಿಂಗೇ ಯಾಕಮ್ಮ?" ಎಂದಿರಿ. ಹೊಲದ ತುಂಬ ಚೆಲ್ಲಿದ್ದ ಗೂಡು ಆರಿಸುತ್ತಾ ಅವಮಾನಕ್ಕೆ ಕಣ್ಣೀರು ಹಾಕಿದೆ.

ಚಿಕ್ಕಬಳ್ಳಾಪುರದ ಮೆಕ್ಯಾನಿಕ್ಕು ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ತೊಳೆದು, ಹೊಸ ಸ್ಪ್ರಿಂಗ್ ಹಾಕಿ ಕಳಿಸಿದ. ಚೆನ್ನಾಗಿಯೇ ಓಡಿತು. ನಮ್ಮ ಕೊಟ್ಟಿಗೆಯಲ್ಲಿ ಕೆಲವು ವಾರ ಕಳೆದ ಮೇಲೆ ಮತ್ತೆ ಅದೇ ರಾಗ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಕ್ಕಿರಿ, ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರಿ. ಕೊಟ್ಟವರೇ ಕಿತ್ತುಕೊಂಡರೆ ಯಾರ ಹತ್ತಿರ ದೂರು ಹೇಳಲಿ? ಹಾಸಿಗೆ ಹಿಡಿದ ಮೇಲೂ, "ಇನ್ನು ಸ್ಟೇರಿಂಗ್ ಮುಟ್ಬೇಡ ತಾಯಿ, ಮಾತು ಕೊಡು" ಎಂದು ಕೈ ಚಾಚಿದಿರಿ. ನಾನು ಕೈ ಹಿಡಿದುಕೊಂಡೆ, ಮಾತು ಕೊಡಲಿಲ್ಲ. ನೀವು ಅದನ್ನು ಗಮನಿಸಿದಿರೋ ಇಲ್ಲವೋ...

ನಿಮ್ಮ ತಿಥಿ ಮುಗಿದ ವಾರವೇ ಮೈದುನ ಚಿಂತಾಮಣಿಯ ಗಿರಾಕಿಯೊಬ್ಬನನ್ನು ಗೊತ್ತು ಮಾಡಿದ. "ಅಪ್ಪಂಗೂ ನೀವು ಓಡ್ಸೋದು ಇಷ್ಟ ಇರ್ಲಿಲ್ಲ ಅತ್ತಿಗೆ, ಮಾರ್ಬಿಡೋಣ" ಅಂದ. ಮಾರುವ ಮೊದಲು ನಾನೊಮ್ಮೆ ಬಾನೆಟ್ ಎತ್ತಿ ನೋಡುತ್ತೇನೆ ಎಂದೆ. ಅತ್ತೆ ಒಳಗಿನಿಂದ ಕೀ ತಂದುಕೊಟ್ಟರು. ಪೆಡಲನ್ನು ಕೈಯಲ್ಲೇ ಒತ್ತಿ ಬಿಟ್ಟೆ. ಅರ್ಧಕ್ಕೆ ಬಂದು ನಿಂತಿತು. ಕೆಳಗಿನ ಚಾಪೆ ಎತ್ತಿ ಹಾಕಿದೆ, ಆಗಲೂ ಹಾಗೆಯೇ. ಪೆಡಲಿನಿಂದ ಕಾರ್ಬುರೇಟರಿಗೆ ಹೋಗುವ ಕಂಬಿ ಬಿಚ್ಚಿದೆ. ಪೆಡಲು ಚಿಮ್ಮಿ ಮೇಲೆ ಬಂತು, ಕಂಬಿಯೂ ಸಲೀಸು. ಹಾಗಾದರೆ ರೋಗ ಕಾರ್ಬುರೇಟರಿನಲ್ಲೇ. ಗಾಳಿಯ ಬಾಗಿಲನ್ನು ತೆರೆದು ಮುಚ್ಚುವ ಪುಟ್ಟ ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದರೆ ಬೆಲ್ಲದ ಪಾಕದಲ್ಲಿ ಸಿಕ್ಕಂತೆ ಬಿಗಿ. ಹೊಸ ಸ್ಪ್ರಿಂಗಿಗೂ ಅದನ್ನು ಎಳೆಯುವ ಶಕ್ತಿ ಇರಲಿಲ್ಲ. ಬೆರಳಿಗೆ ಕರಿ ಅಂಟು ಮೆತ್ತಿತು. ಮೂಸಿದರೆ ಹರಳೆಣ್ಣೆ. ಹಿಂದಿನ ಸಂದಿಯಲ್ಲಿ ಅದೇ ಅಂಟಿಗೆ ಕಚ್ಚಿಕೊಂಡು ಒಂದು ಕೋಳಿ ಪುಕ್ಕ.

ಎತ್ತಿನ ಗಾಡಿಯ ಅಚ್ಚಿಗೆ ಪುಕ್ಕದಲ್ಲಿ ಹರಳೆಣ್ಣೆ ಬಿಡುವವರು ನಮ್ಮ ಮನೆಯಲ್ಲಿ ಒಬ್ಬರೇ, ನೀವು. ಪುಕ್ಕ ಹಿಡಿದು ಅತ್ತೆಯ ಮುಂದೆ ನಿಂತೆ. ಅವರು ಪುಕ್ಕವನ್ನು ಕೈಗೆ ತೆಗೆದುಕೊಂಡು ಹೇಳಿದರು: "ನೀನು ಓಡಿಸೋಕೆ ಶುರು ಮಾಡಿದ್ಮೇಲೆ ನಿಮ್ಮಾವ ಕಾರಿಗೂ ಎಣ್ಣೆ ಬಿಡೋದು ಹಿಡ್ಕೊಂಡ್ರು ಕಣಮ್ಮ. ಮಗು ಓಡಿಸ್ತದೆ, ಎಲ್ಲೂ ಬಿಗಿ ಇರಬಾರ್ದು ಅಂತ. ಪ್ರತಿ ಶುಕ್ರವಾರ ದೀಪ ಹಚ್ಚಿ, ಆಮೇಲೆ ಹೋಗಿ ಎಣ್ಣೆ ಬಿಟ್ಟು ಬರೋರು. ಆ ಹೊಲದ್ ಗಲಾಟೆ ಆದ್ಮೇಲೆ ಇನ್ನೂ ಜಾಸ್ತಿ ಬಿಟ್ರು."

ನಿನಗೇ ಯಾಕೆ ಎಂದು ಕೇಳಿದಿರಲ್ಲ ಮಾವ, ಇದಕ್ಕೇ. ನೀವು ಓಡಿಸುವಾಗ ನಿಮಗೆ ನಿಮ್ಮ ಬಗ್ಗೆ ಚಿಂತೆಯಿರಲಿಲ್ಲ, ಒಂದು ಹನಿಯನ್ನೂ ಬಿಡಲಿಲ್ಲ. ನಾನು ಕೂತ ಮೇಲೆ ಭಯ ಬಂತು, ಎಣ್ಣೆ ಬಂತು. ಗಾಡಿಯ ಅಚ್ಚಿಗೆ ಅಮೃತದಂಥ ಎಣ್ಣೆ ಎಂಜಿನ್ನಿನ ಕಾವಿಗೆ ಧೂಳು ಸೇರಿಸಿಕೊಂಡು ಅಂಟಾಯಿತು. ನನ್ನನ್ನು ಕಾಪಾಡಲು ಹೋಗಿ ನನ್ನನ್ನೇ ಹೊಲಕ್ಕೆ ಇಳಿಸಿದಿರಿ, ಮೇಲೆ ನನ್ನ ಕಾಲನ್ನೇ ಬೈದಿರಿ. ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪುಕ್ಕವನ್ನು ಮಾತ್ರ ಎಸೆಯಲು ಮನಸ್ಸು ಬರಲಿಲ್ಲ.

ಗಿರಾಕಿ ಬಂದ ದಿನ ಜಗಲಿಯ ತುಂಬ ಜನ. "ಹೋದೋರ ಹೆಸ್ರು ಎತ್ಬೇಡಮ್ಮ, ಧೂಳು ಕೂತಿತ್ತು ಅಂದ್ಬಿಡು" ಎಂದು ಅತ್ತೆ ಒಳಗೇ ಬೇಡಿಕೊಂಡಿದ್ದರು. ನಾನು ಒಪ್ಪಲಿಲ್ಲ. ಜನರೆದುರು ಹೊರಿಸಿದ್ದನ್ನು ಜನರೆದುರೇ ಇಳಿಸಬೇಕಲ್ಲವೆ? ಪುಕ್ಕವನ್ನು ಜಗಲಿಯ ಮೇಲಿಟ್ಟು ಇದ್ದದ್ದು ಇದ್ದಂತೆ ಹೇಳಿದೆ.

"ಸತ್ತೋರ ಮೇಲೆ ಹಾಕ್ತಾಳೆ ನೋಡು" ಎಂದರು ಯಾರೋ.

"ಅವ್ರು ಪ್ರೀತಿಯಿಂದ ಹಚ್ಚಿದ್ದೂ ನಿಜ, ಅದ್ರಿಂದ್ಲೇ ಸಿಕ್ಕಿಹಾಕ್ಕೊಂಡಿದ್ದೂ ನಿಜ. ಎರಡನ್ನೂ ಹೇಳ್ತೀನಿ" ಅಂದೆ. ಕಾರ್ಬುರೇಟರನ್ನು ಮೊದಲೇ ಪೆಟ್ರೋಲಿನಲ್ಲಿ ತೊಳೆದಿಟ್ಟಿದ್ದೆ. ಕಾರನ್ನು ಅವರ ಮುಂದೆಯೇ ಊರ ಬೀದಿಯಲ್ಲಿ ಓಡಿಸಿದೆ. ಒತ್ತಿದಾಗ ಓಡಿತು, ಬಿಟ್ಟಾಗ ನಿಧಾನವಾಯಿತು. ಗಿರಾಕಿ ಖುಷಿಯಾಗಿ ಇನ್ನೂ ಹೆಚ್ಚು ಕೊಡುತ್ತೇನೆಂದ. ಕಾರು ಮಾರಾಟಕ್ಕಿಲ್ಲ ಎಂದರು. ಹೇಳಿದ್ದು ನಾನಲ್ಲ, ಅತ್ತೆ.

ಹರಳೆಣ್ಣೆಯನ್ನು ಎತ್ತಿನ ಗಾಡಿಗೇ ಬಿಟ್ಟಿದ್ದೇನೆ. ಆಮೇಲೆ ಪೆಡಲು ಒಂದು ಸಲವೂ ಸಿಕ್ಕಿಹಾಕಿಕೊಂಡಿಲ್ಲ. ಊರವರು ನೀವೇ ಮೇಲಿನಿಂದ ಕಾರು ಕಾಯುತ್ತಿದ್ದೀರಿ ಅನ್ನುತ್ತಾರೆ. ದಯವಿಟ್ಟು ಕಾಯಬೇಡಿ ಮಾವ, ಕಾದದ್ದು ಸಾಕು.

ಹೋದ ಭಾನುವಾರ ಅತ್ತೆಯನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದೆ. ಹಿಂದೆ ಕೂರಲು ಒಪ್ಪಲಿಲ್ಲ, ಮುಂದೆ ನಿಮ್ಮ ಜಾಗದಲ್ಲೇ ಕೂತರು. ಒಂದು ಇಳಿಜಾರಿನಲ್ಲಿ ನಾನು ಹಳೆಯ ನೆನಪಿಗೆ ಕಾಲು ತೆಗೆದೆ. ಅತ್ತೆ ನನ್ನ ಕಡೆ ತಿರುಗಿದರು.

"ಯಾಕಮ್ಮ ನಿಧಾನ ಮಾಡ್ದೆ? ದಾರಿ ಖಾಲಿ ಐತೆ. ಒತ್ತು."

ಒತ್ತಿದೆ, ಮಾವ.

ನಿಮ್ಮ ಹಿರಿ ಸೊಸೆ