ಕೊನೆಯ ತರಗತಿಯ ವಿಡಿಯೋ

ಮಾನ್ಯ ಪ್ರಾಧ್ಯಾಪಕರೇ,

ನನ್ನ ಮಗಳ ಕೊನೆಯ ತರಗತಿಯ ವಿಡಿಯೋವನ್ನು ಅಳಿಸಿಹಾಕಬೇಕೆಂಬ ನಿಮ್ಮ ಸಲಹೆಯನ್ನು ವಿರೋಧಿಸುತ್ತೇನೆ.

ನಿಮ್ಮಲ್ಲಿ ಬೋಧನಾ ತಂತ್ರಜ್ಞಾನದ ಸ್ನಾತಕೋತ್ತರ ಪದವಿಗೆ ಸೇರುವ ಮೊದಲು ಅವಳು ಶಾಲೆಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿದ ಕೂಡಲೇ ತಾನೇ ಉತ್ತರವನ್ನೂ ಹೇಳಿಬಿಡುತ್ತಿದ್ದಳು. ಸೇರಿದ ಮೇಲೆ ತನ್ನ ಪಾಠಗಳನ್ನು ಚಿತ್ರೀಕರಿಸಿ, ನೋಡಿ ನೋಡಿ, ಮಕ್ಕಳ ಉತ್ತರಕ್ಕೆ ಕಾಯುವುದನ್ನು ಕಲಿತಳು. ಈ ವಿಡಿಯೋದಲ್ಲಿ ತೊದಲುವ ಹುಡುಗಿಗೆ, "ನಿಧಾನಕ್ಕೆ ಹೇಳು ಪುಟ್ಟಿ, ನಾವೇನು ರೈಲು ಹಿಡೀಬೇಕಾ?" ಎನ್ನುತ್ತಾಳೆ.

ಹುಡುಗಿ ಉತ್ತರಿಸಿದ ಮರುಕ್ಷಣವೇ ಬಾಗಿಲು ಮುರಿದು ಬೀಳುತ್ತದೆ. "ನನ್ನ ಮಗನ್ನೇ ಫೇಲ್ ಮಾಡ್ತೀಯೇನೇ?" ಎಂದು ನುಗ್ಗಿದವನು ಕಬ್ಬಿಣದ ಸರಳಿನಿಂದ ಅವಳ ತಲೆ ಒಡೆಯುತ್ತಾನೆ, ಬಿದ್ದ ಮೇಲೂ ಬಡಿಯುತ್ತಾನೆ, ರಕ್ತ ಕ್ಯಾಮೆರಾದ ಗಾಜಿಗೆ ಸಿಡಿಯುತ್ತದೆ.

ಆ ಭಾಗ ನ್ಯಾಯಾಲಯಕ್ಕಿರಲಿ. ಉಳಿದದ್ದನ್ನು ನಿಮ್ಮ ಮುಂದಿನ ವಿದ್ಯಾರ್ಥಿಗಳಿಗೆ ತೋರಿಸಿ. ಹುಡುಗಿಯ ಉತ್ತರ ಮುಗಿದಲ್ಲಿಗೆ ನಿಲ್ಲಿಸಿ; ನನ್ನ ಮಗಳು ಅಲ್ಲಿ ನಗುತ್ತಿದ್ದಾಳೆ.

ಇಂತಿ,
ಅವಳ ತಂದೆ